ಪೊಲೀಸರು ಮೊಬೈಲ್ ಪಾಸ್‌ವರ್ಡ್ ಕೇಳಿದರೆ ಕೊಡಲೇಬೇಕಾ? ಸಂವಿಧಾನದ 20(3)ನೇ ವಿಧಿ ಎಲ್ಲಿಯವರೆಗೆ ಕಾಯುತ್ತೆ?

ತುಂಗಾತೀರ:
ಮೊನ್ನೆ ರಾತ್ರಿ ನಾಕಾಬಂದಿಯಲ್ಲಿ ನನ್ನ ತಮ್ಮನ ಬೈಕ್ ನಿಲ್ಲಿಸಿದರು. ಲೈಸೆನ್ಸ್, ಇನ್ಶೂರೆನ್ಸ್ ಎಲ್ಲ ಸರಿ ಇತ್ತು. ಆಮೇಲೆ "ಮೊಬೈಲ್ ಲಾಕ್ ತೆಗಿ" ಅಂದರಂತೆ. ಇವನು ತೆಗೆದುಕೊಟ್ಟ. ವಾಟ್ಸ್ಆ್ಯಪ್ ಎಲ್ಲ ಜಾಲಾಡಿ ವಾಪಸ್ ಕೊಟ್ಟರು. ಅವನ ಮೇಲೆ ಯಾವ ಕೇಸೂ ಇಲ್ಲ.

ಮನೆಯಲ್ಲಿ ಈಗ ಇದೇ ಜಗಳ. ತಪ್ಪು ಮಾಡದವನಿಗೆ ಭಯ ಯಾಕೆ ಅಂತಾರೆ ಅಪ್ಪ. ನಾನು 20(3) ಅಂದೆ. ಆರೋಪ ಹೊತ್ತವನನ್ನು ಅವನ ವಿರುದ್ಧವೇ ಸಾಕ್ಷಿ ಆಗು ಅಂತ ಬಲವಂತ ಮಾಡಬಾರದು ಅನ್ನುವ ವಿಧಿ ಅದು. ಪಾಸ್‌ವರ್ಡ್ ಅದರೊಳಗೆ ಬರುತ್ತಾ? ಗೊತ್ತಿರುವವರು ಹೇಳಿ.

ಕಪ್ಪುಕೋಟು:
ಎರಡು ವಿಷಯ ಬೆರೆಸಿದ್ದೀರಿ. 20(3) ಇರುವುದು ಆರೋಪಿಗೆ. ನಿಮ್ಮ ತಮ್ಮ ಆರೋಪಿಯೇ ಅಲ್ಲ. ಅವರಿಗೆ ಬೇಕಾಗಿರುವುದು 21ನೇ ವಿಧಿ, ಅಂದರೆ ಖಾಸಗಿತನದ ಹಕ್ಕು. 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ 9 ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ಮೂಲಭೂತ ಹಕ್ಕು ಅಂದರು. ಆ ಅರ್ಜಿ ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಕೇಸಿಲ್ಲ, ವಾರಂಟ್ ಇಲ್ಲ, ಸುಮ್ನೆ ರಸ್ತೆಯಲ್ಲಿ ನಿಲ್ಲಿಸಿ ಚಾಟ್ ಓದಿದರೆ ಅದಕ್ಕೆ ಕಾನೂನಿನ ಬೆಂಬಲ ಹುಡುಕುವುದು ಕಷ್ಟ.

ಆರೋಪಿಯ ವಿಷಯ ಬೇರೆ. 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಡ್ರಗ್ಸ್ ಪ್ರಕರಣದಲ್ಲಿ ಹೇಳಿದ್ದು ಹೀಗೆ: ಪಾಸ್‌ವರ್ಡ್ ಕೊಡುವುದು, ಬೆರಳಿಟ್ಟು ಫೋನ್ ತೆರೆಯುವುದು ಸಾಕ್ಷಿ ಹೇಳಿದಂತಲ್ಲ, ಹಾಗಾಗಿ 20(3) ಅಡ್ಡ ಬರುವುದಿಲ್ಲ. ಆದರೆ ಫೋನ್ ಶೋಧಿಸಲು ವಾರಂಟ್ ಬೇಕು. ತುರ್ತು ಸಂದರ್ಭಗಳಿಗೆ ಮಾತ್ರ ವಿನಾಯಿತಿ.

ಖಾಕಿ_ನಿವೃತ್ತ:
ಹೈಕೋರ್ಟ್ ಹೇಳಿದ್ದು ಸರಿಯಾಗಿದೆ. ಬೆರಳಚ್ಚು ನಾವು ತೆಗೆದುಕೊಳ್ಳುತ್ತಿದ್ದದ್ದು ಇವತ್ತು ನಿನ್ನೆಯಲ್ಲ. ಕಾಠಿ ಕಾಲು ಪ್ರಕರಣದಲ್ಲಿ, 1961ರಲ್ಲೇ, ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಕೂತು ಬೆರಳಚ್ಚು, ಕೈಬರಹ, ಸಹಿ ತೆಗೆದುಕೊಳ್ಳಬಹುದು ಅಂದರು. ಈಗಿನ ಆನ್‌ಲೈನ್ ವಂಚನೆ ಕೇಸುಗಳಲ್ಲಿ ಕಣ್ಣಾರೆ ಕಂಡ ಸಾಕ್ಷಿ ಎಲ್ಲಿದ್ದಾನೆ? ಎಲ್ಲ ಇರೋದು ಫೋನಿನಲ್ಲೇ. ಬೀರು ಒಡೆಯಬಹುದು, ಆದರೆ ಕೀಲಿ ಮಾತ್ರ ಕೇಳಬಾರದು ಅಂದರೆ ಏನರ್ಥ?

ನಾಕಾಬಂದಿಯಲ್ಲಿ ಫೋನ್ ನೋಡುವುದನ್ನು ನಾನೂ ಒಪ್ಪಲ್ಲ. ಅದು ಸೋಮಾರಿತನ.

ಲಾಸ್ಟ್‌ಬೆಂಚ್:
ಸರ್, 1961ರ ತೀರ್ಪನ್ನು ನೀವು ಅರ್ಧ ಹೇಳಿದ್ದೀರಿ. ಆ 11 ಜನರಲ್ಲಿ 3 ಜನ ತರ್ಕದಲ್ಲಿ ಬೇರೆ ದಾರಿ ಹಿಡಿದಿದ್ದರು ಅನ್ನೋದನ್ನು ಬಿಡೋಣ. ಬಹುಮತದ ತರ್ಕವನ್ನೇ ನೋಡಿ. ಬೆರಳಚ್ಚು ತಾನಾಗಿ ಏನನ್ನೂ ಹೇಳಲ್ಲ. ಅದು ದೇಹದ ಗುರುತು, ಬೇರೊಂದು ಗುರುತಿನ ಜೊತೆ ಹೋಲಿಸಿ ನೋಡುವುದಕ್ಕೆ ಮಾತ್ರ. ತನಗೆ ಗೊತ್ತಿರುವುದನ್ನು ಬಾಯಿಂದಲೋ ಬರಹದಲ್ಲೋ ತಿಳಿಸಿದರೆ ಆಗ ಅವನು ಸಾಕ್ಷಿ ಆಗುತ್ತಾನೆ ಅಂತ ಅದೇ ತೀರ್ಪು ಹೇಳುತ್ತೆ. ನನ್ನ ಆರಂಕಿಯ ಪಿನ್ ನನ್ನ ತಲೆಯೊಳಗೆ ಇದೆ, ಬೆರಳಲ್ಲಿ ಇಲ್ಲ. ಅದನ್ನು ಹೇಳಿದರೆ "ಈ ಫೋನ್ ನಂದು, ಇದರೊಳಗಿರೋದು ನನಗೆ ಗೊತ್ತು" ಅಂತಲೂ ಒಪ್ಪಿಕೊಂಡ ಹಾಗೆ ಅಲ್ವಾ?

2022ರಲ್ಲಿ ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯ ಇದೇ ಕಾರಣಕ್ಕೆ ಆರೋಪಿಯಿಂದ ಪಾಸ್‌ವರ್ಡ್ ಬಲವಂತವಾಗಿ ಪಡೆಯುವಂತಿಲ್ಲ ಅಂದಿತು.

ಕಪ್ಪುಕೋಟು:
ವಿಚಾರಣಾ ನ್ಯಾಯಾಲಯದ ಆದೇಶ ನಮ್ಮ ಹೈಕೋರ್ಟಿಗೆ ಎದುರಾಗಿ ನಿಲ್ಲಲ್ಲ. ಆದರೆ ತರ್ಕ ಗಟ್ಟಿ ಇದೆ, ಒಪ್ಪುತ್ತೇನೆ. ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ಒಂದು ದಿನ ಎದುರಿಸಲೇಬೇಕು.

ಹಳೇಹುಬ್ಬಳ್ಳಿ:
ನೀವೆಲ್ಲ ತೀರ್ಪಿನ ಮೇಲೆ ತೀರ್ಪು ಹಾಕ್ತಿದ್ದೀರಿ. ಠಾಣೆಯಲ್ಲಿ ನಡೆಯುವುದು ಬೇರೆ ರೀ. ದುಡ್ಡಿದ್ದವನ ಪಕ್ಕ ವಕೀಲ ಕೂತಿರುತ್ತಾನೆ, ಅವನು ಬಾಯಿ ಮುಚ್ಚಿಕೊಂಡು ಇರ್ತಾನೆ. ಬಡವನಿಂದ "ಸ್ವಇಚ್ಛಾ ಹೇಳಿಕೆ" ಅಂತ ಬರೆಸಿಕೊಳ್ಳುತ್ತಾರೆ. ಅದರಲ್ಲಿ ಇಚ್ಛೆ ಯಾರದ್ದು ಅಂತ ಎಲ್ಲರಿಗೂ ಗೊತ್ತು. 20(3) ಇರೋದು ಶ್ರೀಮಂತರಿಗೆ ಅಂತ ನನ್ನ ಅಭಿಪ್ರಾಯ.

ಕಪ್ಪುಕೋಟು:
ಸ್ವಇಚ್ಛಾ ಹೇಳಿಕೆಗೆ ಕೋರ್ಟಿನಲ್ಲಿ ಬೆಲೆ ಇಲ್ಲದಿರುವುದೇ ಬಡವನಿಗೆ ಇರುವ ರಕ್ಷಣೆ. ಇದು ಸಂವಿಧಾನಕ್ಕಿಂತ ಹಳೆಯದು. 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಪೊಲೀಸರ ಎದುರಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಬರೆದದ್ದು ಬ್ರಿಟಿಷರು. ಇಲ್ಲಿನ ಪೊಲೀಸರನ್ನು ಅವರೇ ನಂಬಿರಲಿಲ್ಲ!

ಆ ಕಾಯ್ದೆ ಬರೆದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಮುಂದೆ ಒಬ್ಬ ಅಧಿಕಾರಿ ಹೇಳಿದ ಮಾತನ್ನು ದಾಖಲಿಸಿದ್ದಾರೆ. ಬಿಸಿಲಲ್ಲಿ ಸಾಕ್ಷ್ಯ ಹುಡುಕಿಕೊಂಡು ಅಲೆಯುವುದಕ್ಕಿಂತ ನೆರಳಲ್ಲಿ ಕೂತು ಬಡಪಾಯಿಯ ಕಣ್ಣಿಗೆ ಖಾರದ ಪುಡಿ ಉಜ್ಜುವುದು ಆರಾಮ ಅಂತ. ಮೇಲೆ ಖಾಕಿ ಸರ್ ಬಳಸಿದ "ಸೋಮಾರಿತನ" ಅನ್ನುವ ಮಾತಿಗೆ ಇದು ಹತ್ತಿರ.

ಖಾಕಿ_ನಿವೃತ್ತ:
25 ಹೇಳಿದವರು 27 ಯಾಕೆ ಬಿಟ್ಟಿರಿ? ಆರೋಪಿ "ಚಾಕು ಬಾವಿಗೆ ಹಾಕಿದ್ದೇನೆ" ಅಂದ, ಪಂಚರ ಎದುರು ಮಹಜರು ಮಾಡಿ ಬಾವಿಯಿಂದ ಚಾಕು ತೆಗೆದೆವು. ಆಗ ಅಷ್ಟು ಭಾಗದ ಮಾತು ನಡೆಯುತ್ತೆ. ಎಷ್ಟೋ ಕೊಲೆ ಕೇಸು ನಿಂತಿರುವುದೇ ಅದರ ಮೇಲೆ.

ಕಪ್ಪುಕೋಟು:
ನಿಂತಿವೆ, ಬಿದ್ದೂ ಇವೆ. ಠಾಣೆಯೊಳಗಿನ ಹೊಡೆತಕ್ಕೆ ದಾರಿ ಬಿಟ್ಟಿರುವುದೂ ಅದೇ 27. ಹೊಡೆದರೆ ಏನಾದರೂ ವಸ್ತು ಸಿಗಬಹುದು ಅನ್ನುವ ಆಸೆ ಅಲ್ಲಿಂದಲೇ ಹುಟ್ಟುವುದು. 2024ರ ಜುಲೈ 1ರಿಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತಲ್ಲ, ಅದರಲ್ಲಿ 25, 26, 27 ಮೂರನ್ನೂ ಸೇರಿಸಿ 23ನೇ ಸೆಕ್ಷನ್ ಮಾಡಿದ್ದಾರೆ. ನಂಬರ್ ಬದಲಾಗಿದೆ, ಬಾಗಿಲು ಹಾಗೇ ತೆರೆದಿದೆ.

ಲಾಸ್ಟ್‌ಬೆಂಚ್:
ಇಲ್ಲಿ ಯಾರೂ ಬೆಂಗಳೂರಿನ ಮಂಪರು ಪರೀಕ್ಷೆ ನೆನಪಿಸಿಕೊಂಡಿಲ್ಲ. 2000ದ ನಂತರದ ದಶಕದಲ್ಲಿ ದೇಶಕ್ಕೆಲ್ಲ ಅದರ ದೊಡ್ಡ ಕೇಂದ್ರ ನಮ್ಮ ಊರೇ. ಬೇರೆ ರಾಜ್ಯದ ಆರೋಪಿಗಳನ್ನೂ ಇಲ್ಲಿಗೆ ಕರೆತರುತ್ತಿದ್ದರು. ಪೆಂಟೋಥಾಲ್ ಚುಚ್ಚಿ, ಅರೆ ಎಚ್ಚರದಲ್ಲಿ ಇರುವಾಗ ಪ್ರಶ್ನೆ ಕೇಳೋದು. ಛಾಪಾ ಕಾಗದ ಹಗರಣದ ತೆಲಗಿಯ ಮಂಪರು ಪರೀಕ್ಷೆಯ ವಿಡಿಯೊ ಟಿವಿಯಲ್ಲೇ ಬಂತು. ಜನ ಸಿನಿಮಾ ನೋಡಿದ ಹಾಗೆ ನೋಡಿದರು.

ಅದಕ್ಕೆ ಕಡಿವಾಣ ಹಾಕಿದ ತೀರ್ಪಿನಲ್ಲೂ ನಮ್ಮ ರಾಜ್ಯದ ಹೆಸರೇ ಇದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010ರ ಮೇ 5. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಯಾವುದೂ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಕೈಗೆ ಒಂದು ಏಟೂ ಬೀಳದಿದ್ದರೂ ಮನಸ್ಸಿನೊಳಗೆ ನುಗ್ಗುವುದು ಬಲವಂತವೇ. ಇದೇ ನನ್ನ ವಾದ. ತಲೆಯೊಳಗಿನ ನೆನಪನ್ನು ಸೂಜಿಯಿಂದ ತೆಗೆಯಬಾರದು ಅಂದಮೇಲೆ ಅದೇ ತಲೆಯೊಳಗಿನ ಪಿನ್ನನ್ನು ಆದೇಶದಿಂದ ತೆಗೆಯುವುದು ಹೇಗೆ ಸರಿ?

ಕಪ್ಪುಕೋಟು:
2021ರ ಪ್ರಕರಣದಲ್ಲೂ ಸೆಲ್ವಿ ಕೆಲಸಕ್ಕೆ ಬಂತು. ಪಾಸ್‌ವರ್ಡ್ ತಿಳಿಯಲು ಆರೋಪಿಗೆ ಸುಳ್ಳುಪತ್ತೆ ಪರೀಕ್ಷೆ ಮಾಡಿ ಅಂತ ಕೆಳಗಿನ ಕೋರ್ಟ್ ಹೇಳಿತ್ತು. ಅವನ ಒಪ್ಪಿಗೆ ಇರಲಿಲ್ಲ. ಆ ಆದೇಶವನ್ನು ಹೈಕೋರ್ಟ್ ರದ್ದು ಮಾಡಿತು. ಅಂದರೆ ಪಾಸ್‌ವರ್ಡ್ ಕೇಳಬಹುದು, ಮನಸ್ಸಿನಿಂದ ಕಿತ್ತುಕೊಳ್ಳುವಂತಿಲ್ಲ. ಕೊಡದಿದ್ದರೆ ತಜ್ಞರಿಂದ ಫೋನ್ ತೆರೆಸಿಕೊಳ್ಳಿ ಅಂತಲೂ ಹೇಳಿದೆ.

ನ್ಯೂಜೆರ್ಸಿ_ಕನ್ನಡಿಗ:
ಅಮೆರಿಕದಲ್ಲೂ ಇದೇ ಗೊಂದಲ ಇದೆ. ಅಲ್ಲಿನ ಐದನೇ ತಿದ್ದುಪಡಿ ನಮ್ಮ 20(3) ಥರವೇ. ಪಾಸ್‌ಕೋಡ್ ವಿಷಯದಲ್ಲಿ ಒಂದೊಂದು ರಾಜ್ಯದ ಸುಪ್ರೀಂ ಕೋರ್ಟ್ ಒಂದೊಂದು ಹೇಳುತ್ತೆ. ಅದಕ್ಕೆ...

ಹಳೇಹುಬ್ಬಳ್ಳಿ:
ಅಲ್ಲಿನ ಗೊಂದಲ ಅಲ್ಲೇ ಇರಲಿ ಬಿಡ್ರಿ, ನಮ್ಮದೇ ಬೇಕಾದಷ್ಟು ಐತಿ. 😀

ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಸುಮ್ಮನಿರುವ ಹಕ್ಕು ಠಾಣೆಯೊಳಗೂ ಇದೆಯಾ, ಇಲ್ಲ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಮಾತ್ರವಾ?

ಕಪ್ಪುಕೋಟು:
ಠಾಣೆಯೊಳಗೂ ಇದೆ. ಇದನ್ನು ಬಿಡಿಸಿ ಹೇಳಿದ್ದು 1978ರ ನಂದಿನಿ ಸತ್ಪತಿ ತೀರ್ಪು. ಒಡಿಶಾದ ಮಾಜಿ ಮುಖ್ಯಮಂತ್ರಿ, ಭ್ರಷ್ಟಾಚಾರದ ಕೇಸು. ಪೊಲೀಸರು ಪ್ರಶ್ನೆಗಳ ಪಟ್ಟಿ ಕೊಟ್ಟು ಉತ್ತರ ಕೇಳಿದರು, ಅವರು ಕೊಡಲಿಲ್ಲ. ತನ್ನನ್ನೇ ಸಿಕ್ಕಿಸುವ ಪ್ರಶ್ನೆಗೆ ಪೊಲೀಸ್ ವಿಚಾರಣೆಯಲ್ಲೂ ಉತ್ತರಿಸಬೇಕಿಲ್ಲ ಅಂದರು ನ್ಯಾ. ಕೃಷ್ಣ ಅಯ್ಯರ್. ಹೊಡೆತ ಮಾತ್ರ ಬಲವಂತವಲ್ಲ, ಮಾನಸಿಕ ಒತ್ತಡವೂ ಬಲವಂತ ಅಂದರು. ಹೌದು, ಗೆದ್ದವರು ಮಾಜಿ ಮುಖ್ಯಮಂತ್ರಿ. ಆದರೆ ಆ ತೀರ್ಪನ್ನು ನಾವು ದಿನಾ ಬಳಸುವುದು ಕೂಲಿ ಮಾಡುವವರಿಗಾಗಿ.

ಅದೇ 1978ರಲ್ಲಿ 44ನೇ ತಿದ್ದುಪಡಿಯೂ ಬಂತು. ತುರ್ತು ಪರಿಸ್ಥಿತಿ ಹೇರಿದರೂ 20 ಮತ್ತು 21ನೇ ವಿಧಿಗಳನ್ನು ಅಮಾನತಿನಲ್ಲಿ ಇಡುವಂತಿಲ್ಲ. 1975–77ರಲ್ಲಿ ಪೆಟ್ಟು ತಿಂದ ಮೇಲೆ ಬಂದ ಬುದ್ಧಿ.

ಲಾಸ್ಟ್‌ಬೆಂಚ್:
ಕೋರ್ಟ್ ಹಕ್ಕು ಬೆಳೆಸಿತು, ಸಂಸತ್ತು ಇನ್ನೊಂದು ಕಡೆಯಿಂದ ಬೇಲಿ ಸರಿಸುತ್ತಾ ಬಂತು. 1920ರ ಕೈದಿಗಳ ಗುರುತಿನ ಕಾಯ್ದೆಯಲ್ಲಿ ಇದ್ದದ್ದು ಬೆರಳು, ಪಾದದ ಗುರುತು, ಫೋಟೊ, ಅಳತೆ. ಅದರ ಜಾಗಕ್ಕೆ ಬಂದ 2022ರ ಕಾಯ್ದೆಯಲ್ಲಿ ಕಣ್ಣಿನ ಸ್ಕ್ಯಾನ್, ಜೈವಿಕ ಮಾದರಿ ಕೂಡ ಸೇರಿವೆ. ದಾಖಲೆ 75 ವರ್ಷ ಇಡಬಹುದು. ಧ್ವನಿ ಮಾದರಿಗೆ ಕಾನೂನೇ ಇರಲಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೇ ಮ್ಯಾಜಿಸ್ಟ್ರೇಟರಿಗೆ ಆ ಅಧಿಕಾರ ಕೊಟ್ಟಿತು. ಈಗ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 349ರಲ್ಲಿ ಅದು ಬಂದಿದೆ. ಬಂಧನ ಆಗದವನಿಂದಲೂ ಕೇಳಬಹುದು. ಪ್ರತಿ ಸಲವೂ "ಇದು ದೇಹದ್ದು, ಮನಸ್ಸಿನದಲ್ಲ" ಅನ್ನುವ ಅದೇ ಸಮಾಧಾನ.

ಖಾಕಿ_ನಿವೃತ್ತ:
ಅದರಲ್ಲಿ ತಪ್ಪೇನಿದೆಯಮ್ಮಾ? ಧ್ವನಿ ಮಾದರಿ ಸಿಕ್ಕರೆ ನಿರಪರಾಧಿಯೂ ಬಚಾವಾಗುತ್ತಾನೆ. ವೈಜ್ಞಾನಿಕ ಸಾಕ್ಷ್ಯ ಜಾಸ್ತಿ ಆದಷ್ಟೂ ಲಾಠಿಯ ಕೆಲಸ ಕಡಿಮೆ. ಫೋನ್ ತೆರೆಸಲು ಪ್ರಯೋಗಾಲಯಕ್ಕೆ ಕಳಿಸಿದರೆ ವರದಿ ಬರೋಕೆ ತಿಂಗಳುಗಟ್ಟಲೆ. ಅಷ್ಟರಲ್ಲಿ ವಂಚನೆಯ ದುಡ್ಡು ಹತ್ತು ಖಾತೆ ದಾಟಿರುತ್ತೆ. ದುಡ್ಡು ಕಳೆದುಕೊಂಡ ನಿವೃತ್ತ ಮೇಷ್ಟ್ರ ಕಡೆಯಿಂದಲೂ ಸ್ವಲ್ಪ ಯೋಚನೆ ಮಾಡಿ. ಹೊಸ ಸಂಹಿತೆಯ 94ರಲ್ಲಿ ಡಿಜಿಟಲ್ ಸಾಕ್ಷ್ಯ ಇರುವ ಸಾಧನ ಹಾಜರುಪಡಿಸಿ ಅಂತ ನೋಟಿಸ್ ಕೊಡಬಹುದಲ್ಲ.

ಕಪ್ಪುಕೋಟು:
ಮೇಷ್ಟ್ರ ಕಷ್ಟ ನಿಜ. ಆದರೆ 94 ಆರೋಪಿಗೆ ಅನ್ವಯಿಸುತ್ತಾ ಅನ್ನುವುದೇ ಜಗಳ. ಹಿಂದೆ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇಂಥದ್ದೇ ಒಂದು ಸೆಕ್ಷನ್ ಇತ್ತು. ಕಾಕತಾಳೀಯ ನೋಡಿ, ಅದರ ನಂಬರೂ 94. ಅದು ಆರೋಪಿಗೆ ಅನ್ವಯಿಸುವುದಿಲ್ಲ ಅಂತ 1964ರಲ್ಲಿ ಶ್ಯಾಮಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರೋಪಿಗೆ ನೋಟಿಸ್ ಕೊಟ್ಟು ಅವನ ಕೈಯಿಂದಲೇ ತರಿಸುವಂತಿಲ್ಲ, ವಾರಂಟ್ ತಂದು ಪೊಲೀಸರೇ ಶೋಧಿಸಬೇಕು. ಹೊಸ 94ಕ್ಕೂ ಇದೇ ವಾದ ಹೂಡುತ್ತೇವೆ.

ತುಂಗಾತೀರ:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಮೆಣಸಿನಪುಡಿ ಕಥೆ ಓದಿ ಹೇಳಿದೆ, ಸ್ವಲ್ಪ ಮೆತ್ತಗಾಗಿದ್ದಾರೆ. ತಮ್ಮ ಮುಂದಿನ ಸಲ ಏನು ಮಾಡಬೇಕು?

ಕಪ್ಪುಕೋಟು:
ಮರ್ಯಾದೆಯಿಂದ ಕೇಳಲಿ, "ಸರ್, ಯಾವ ಕೇಸು, ವಾರಂಟ್ ಇದೆಯಾ?" ಅಂತ. ಫೋನ್ ಜಪ್ತಿ ಮಾಡಿದರೆ ಪಟ್ಟಿ ಬರೆದು ಪ್ರತಿ ಕೊಡಬೇಕು. ಹೊಸ ಸಂಹಿತೆಯ 105ರ ಪ್ರಕಾರ ಶೋಧನೆ, ಜಪ್ತಿ ಎರಡನ್ನೂ ವಿಡಿಯೊ ಮಾಡಬೇಕು. ಎಳೆದಾಟಕ್ಕೆ ಮಾತ್ರ ಇಳಿಯಬಾರದು.

ಖಾಕಿ_ನಿವೃತ್ತ:
ಸೆಕ್ಷನ್ ಕೇಳಿದ ಹುಡುಗನನ್ನು ಬೆಳಗಿನವರೆಗೆ ಠಾಣೆಯಲ್ಲಿ ಕೂರಿಸುವವರೂ ಇದ್ದಾರೆ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಕೇಳಲಿ. ಮನೆಯವರ ನಂಬರ್ ಬಾಯಿಪಾಠ ಇರಲಿ.

ಲಾಸ್ಟ್‌ಬೆಂಚ್:
ನಾನಂತೂ ಬೆರಳಚ್ಚು ಲಾಕ್ ತೆಗೆದು ಪಿನ್ ಹಾಕಿದ್ದೇನೆ. ಮನಸ್ಸಿನೊಳಗಿನದ್ದು ಅಂತ ವಾದ ಮಾಡಬಹುದು.

ಕಪ್ಪುಕೋಟು:
ಕರ್ನಾಟಕದಲ್ಲಿ ಸದ್ಯಕ್ಕೆ ಎರಡೂ ಒಂದೇ, ತಾಯಿ. ದೆಹಲಿಗೆ ಟಿಕೆಟ್ ತೆಗೆಸಿದಾಗ ಆ ವಾದ ಜೊತೆಗಿರಲಿ.