ನಮ್ಮ ಒತ್ತಡದ ಲೆಕ್ಕ ಇಡುವುದು ಹೇಗೆ? ದಿನಾ ಒಂದೇ ಅಂಕ ಬರುತ್ತಿದೆ

ಅವಳಿಗಳ ಅಮ್ಮ
ಮಕ್ಕಳಿಗೆ ಮೂರು ವರ್ಷ. ಅವರ ಊಟ, ನಿದ್ದೆ, ತೂಕ ಎಲ್ಲಕ್ಕೂ ಲೆಕ್ಕ ಇದೆ. ನಾವಿಬ್ಬರು ಹೇಗಿದ್ದೇವೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಅದಕ್ಕೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮಕ್ಕಳು ಮಲಗಿದ ಮೇಲೆ ಒತ್ತಡಕ್ಕೆ ಹತ್ತರಲ್ಲಿ ಅಂಕ ಹಾಕುತ್ತೇನೆ. ದಿನಾ ಎಂಟೇ! ಬೆಳಗ್ಗೆ ಇಬ್ಬರೂ ಚೆನ್ನಾಗಿ ಆಡಿಕೊಂಡಿದ್ದ ದಿನವೂ ಎಂಟೇ. ಯಜಮಾನರ ಸ್ಮಾರ್ಟ್‌ವಾಚ್ ಬೇರೆ, ಅವರು ಮಕ್ಕಳ ಜೊತೆ ಕುಣಿಯುವಾಗಲೇ ‘ಒತ್ತಡ ಜಾಸ್ತಿ’ ಅನ್ನುತ್ತದೆ. ಇದನ್ನು ಸರಿಯಾಗಿ ಅಳೆಯುವ ದಾರಿ ಇದೆಯಾ?

ಕೌನ್ಸೆಲರ್ ಅಕ್ಕ
ರಾತ್ರಿ ಕೇಳಿದರೆ ರಾತ್ರಿಯ ದಣಿವೇ ಉತ್ತರ ಕೊಡುತ್ತದೆ, ಅಲ್ವಾ? ಅದಕ್ಕೇ ಸಂಶೋಧಕರು ದಿನದಲ್ಲಿ ಹಲವು ಸಲ, ಯಾವ್ಯಾವುದೋ ಹೊತ್ತಿನಲ್ಲಿ ಫೋನ್‌ಗೆ ಪ್ರಶ್ನೆ ಕಳಿಸುತ್ತಾರೆ. ಈಗ ಹೇಗಿದ್ದೀರಿ, ಏನು ಮಾಡುತ್ತಿದ್ದೀರಿ, ಜೊತೆಗೆ ಯಾರಿದ್ದಾರೆ, ಅಷ್ಟೇ. ನೀವೂ ಅಲಾರಂ ಇಟ್ಟು ಹಾಗೇ ಮಾಡಬಹುದು. ಅಂಕದ ಪಕ್ಕ ಎರಡು ಪದ ಬರೆಯಿರಿ, ಬರೀ ‘8’ ನೋಡಿ ಏನೂ ಗೊತ್ತಾಗುವುದಿಲ್ಲ.

ವಾಚ್ ನೋಡುವುದು ಮುಖ್ಯವಾಗಿ ಎದೆಬಡಿತವನ್ನು. ಖುಷಿಗೆ ಕುಣಿದರೂ ಬಡಿತ ಏರುತ್ತದೆ, ಸಿಟ್ಟು ಬಂದರೂ ಏರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 5 ಪ್ರಶ್ನೆಗಳ ಪಟ್ಟಿಯೂ ಇದೆ, 1998ರದ್ದು. ಕಳೆದ 2 ವಾರ ಹೇಗಿದ್ದಿರಿ ಅಂತ ಕೇಳುತ್ತದೆ, ಒಂದೊಂದಕ್ಕೂ 0ಯಿಂದ 5 ಅಂಕ. ನಿಮ್ಮ ನೋಟ್‌ಬುಕ್‌ಗೆ ಉಲ್ಟಾ, ಇಲ್ಲಿ ಅಂಕ ಜಾಸ್ತಿಯಾದಷ್ಟೂ ಒಳ್ಳೆಯದು. ಒಟ್ಟು 25ರಲ್ಲಿ 13ಕ್ಕಿಂತ ಕಡಿಮೆ ಬಂದರೆ ವೈದ್ಯರ ಹತ್ತಿರ ಮಾತಾಡಿ. ಅಷ್ಟಕ್ಕೇ ಖಿನ್ನತೆ ಅಂತ ಅರ್ಥವಲ್ಲ. (ಎದ್ದಾಗ ಮೈ ಹಗುರ ಅನಿಸಿತಾ ಅಂತ ಒಂದು ಪ್ರಶ್ನೆ ಇದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಸೊನ್ನೆಯೇ!) ಅಪ್ಪ ಅಮ್ಮಂದಿರಿಗೆ ಅಂತಲೇ 1995ರಲ್ಲಿ ಬಂದ 18 ಸಾಲುಗಳ ಪಟ್ಟಿ ನನಗೆ ಇದಕ್ಕಿಂತ ಇಷ್ಟ. ಅದು ಮಕ್ಕಳಿಂದಾಗುವ ಭಾರದ ಜೊತೆ ಖುಷಿಯನ್ನೂ ಕೇಳುತ್ತದೆ.

ನಿದ್ದೆಗೆಟ್ಟ ಅಪ್ಪ
ಅಲಾರಂ ಅಂದರೆ ವೈಬ್ರೇಟ್‌ನಲ್ಲಿಡಿ ತಾಯಿ, ಮಲಗಿದ ಮಗು ಎದ್ದರೆ ಅಂಕ ಹತ್ತು ದಾಟುತ್ತದೆ. ಇನ್ನೊಂದು ಮಾತು. ಗಂಡ ಹೆಂಡತಿ ಬೇರೆ ಬೇರೆ ಬರೆಯಿರಿ, ದಿನಾ ತೋರಿಸಿಕೊಳ್ಳಬೇಡಿ. ನಮ್ಮ ಮನೆಯಲ್ಲಿ ಅದು ಯಾರಿಗೆ ಸುಸ್ತು ಜಾಸ್ತಿ ಅನ್ನೋ ಪಂದ್ಯ ಆಗಿಬಿಟ್ಟಿತ್ತು.

ಅವಳಿಗಳ ಅಮ್ಮ
ಸರಿ, ವೈಬ್ರೇಟ್. ಆದರೆ ಇಬ್ಬರಿಗೂ ಸ್ನಾನ ಮಾಡಿಸುವಾಗ ಫೋನ್ ಮುಟ್ಟುವುದಕ್ಕೂ ಆಗುವುದಿಲ್ಲ. ಆಮೇಲೆ ನೆನಪು ಮಾಡಿಕೊಂಡು ಬರೆಯಲಾ?

ಕೌನ್ಸೆಲರ್ ಅಕ್ಕ
ಬೇಡ, ಖಾಲಿ ಬಿಡಿ. ಆದರೆ ಯಾವ ಹೊತ್ತಿನಲ್ಲಿ ಖಾಲಿ ಉಳಿಯುತ್ತಿದೆ ಅಂತ ಗುರುತು ಹಾಕಿ. ತೀರಾ ಕಷ್ಟದ ಗಳಿಗೆಯಲ್ಲಿ ಯಾರಿಗೂ ಬರೆಯಲು ಕೈ ಬಿಡುವಿರುವುದಿಲ್ಲ. ದಿನಾ ಅದೇ ಹೊತ್ತು ಖಾಲಿ ಇದ್ದರೆ, ಯಜಮಾನರು ಮೊದಲು ಕೈ ಜೋಡಿಸಬೇಕಾದ್ದು ಅಲ್ಲೇ.