ಮತಗಟ್ಟೆ ಡ್ಯೂಟಿ: ಮಾಸ್ಟರ್ ಟ್ರೇನರ್‌ಗೆ ನಿಮ್ಮ ಪ್ರಶ್ನೆ (ತುಮಕೂರು ಜಿಲ್ಲೆಯ ನೌಕರರ ಗುಂಪು)

ಅಡ್ಮಿನ್: ಲೋಕಸಭೆ, ವಿಧಾನಸಭೆ ಚುನಾವಣೆಯ ಮತಗಟ್ಟೆ ಕೆಲಸದ ಪ್ರಶ್ನೆಗಳು ಮಾತ್ರ. ಟ್ರೇನರ್ ಸರ್ ಬಿಡುವಾದಾಗ ಉತ್ತರಿಸುತ್ತಾರೆ.

ಶಿರಾ, ಶಿಕ್ಷಕಿ: ನಮಸ್ತೆ ಸರ್. ಪಿಆರ್‌ಒ (ಮತಗಟ್ಟೆಯ ಮುಖ್ಯ ಅಧಿಕಾರಿ) ಆಗಿ ಇದೇ ಮೊದಲು. ಅಣಕು ಮತದಾನದಲ್ಲಿ 50 ವೋಟು ಹಾಕಿಸಿದರೆ ವಿವಿಪ್ಯಾಟ್‌ನಲ್ಲಿ (ವೋಟಿನ ಚೀಟಿ ಮುದ್ರಿಸುವ ಯಂತ್ರ) 57 ಚೀಟಿ ಸಿಗುತ್ತವಂತೆ. ಏಜೆಂಟರು ಕೇಳಿದರೆ ಏನು ಹೇಳಲಿ?

ಟ್ರೇನರ್: ಒಳ್ಳೆಯ ಪ್ರಶ್ನೆ ಮೇಡಂ. ಆನ್ ಆದ ಕೂಡಲೇ ವಿವಿಪ್ಯಾಟ್ ತನ್ನ ಸ್ವಯಂಪರೀಕ್ಷೆಯ 7 ಚೀಟಿ ಬೀಳಿಸುತ್ತದೆ. ಅವು ವೋಟಲ್ಲ. ಇದನ್ನು ಆನ್ ಮಾಡುವ ಮುಂಚೆಯೇ ಏಜೆಂಟರಿಗೆ ಹೇಳಿಬಿಡಿ, ಆಮೇಲೆ ಹೇಳಿದರೆ ಅನುಮಾನ ಬರುತ್ತದೆ. 50 ಆದಮೇಲೆ ಕಂಟ್ರೋಲ್ ಯೂನಿಟ್‌ನಲ್ಲಿ (ನಮ್ಮ ಮೇಜಿನ ಮೇಲಿರುವ, ವೋಟು ದಾಖಲಾಗುವ ಯಂತ್ರ) ಕ್ಲೋಸ್, ರಿಸಲ್ಟ್, ಕ್ಲಿಯರ್ ಬಟನ್, ಇದೇ ಕ್ರಮ. ಟೋಟಲ್ ಒತ್ತಿ ಸೊನ್ನೆ ತೋರಿಸಿ. ಎಲ್ಲ ಚೀಟಿ ತೆಗೆದು ಹಿಂಬದಿಗೆ ಅಣಕು ಮತದಾನದ ಮೊಹರು ಒತ್ತಿ ಕಪ್ಪು ಲಕೋಟೆಗೆ ಸೇರಿಸಿ, ಖಾಲಿ ಡಬ್ಬಿ ತೋರಿಸಿ. ಕ್ಲಿಯರ್ ಮರೆತರೆ ಎಣಿಕೆ ದಿನ ನಿಮ್ಮ ಯಂತ್ರವನ್ನು ಪಕ್ಕಕ್ಕಿಡುತ್ತಾರೆ.

ಕುಣಿಗಲ್, ಎಸ್‌ಡಿಎ: ಸರ್, ನನ್ನ ವೋಟು ಕುಣಿಗಲ್‌ನಲ್ಲಿ, ಡ್ಯೂಟಿ ಗುಬ್ಬಿಗೆ. ಲೋಕಸಭೆಗೆ ಇಡಿಸಿ (ಡ್ಯೂಟಿ ಇರುವ ಮತಗಟ್ಟೆಯಲ್ಲೇ ವೋಟು ಹಾಕಲು ಕೊಡುವ ಪ್ರಮಾಣಪತ್ರ) ಸಿಗುತ್ತಾ?

ಟ್ರೇನರ್: ಇಲ್ಲ. ಕುಣಿಗಲ್ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರ. ಶಿರಾ, ಪಾವಗಡ ಚಿತ್ರದುರ್ಗಕ್ಕೆ ಸೇರುತ್ತವೆ. ಜಿಲ್ಲೆ ಒಂದೇ ಆದರೂ ಕ್ಷೇತ್ರ ಬೇರೆ. ಫಾರಂ 12 (ಅಂಚೆ ಮತದ ಅರ್ಜಿ) ಕೊಡಿ, ಸೌಲಭ್ಯ ಕೇಂದ್ರದಲ್ಲೇ ಅಂಚೆ ಮತ ಹಾಕಿ. ಡ್ಯೂಟಿ ನಿಮ್ಮ ಕ್ಷೇತ್ರದಲ್ಲೇ ಇದ್ದರೆ ಫಾರಂ 12ಎ ಕೊಟ್ಟು ಇಡಿಸಿ ಪಡೆಯಿರಿ.

ಪಾವಗಡ, ಶಿಕ್ಷಕ: ಗೌರವಧನ ಮಸ್ಟರಿಂಗ್ (ಯಂತ್ರ ಪಡೆದು ಮತಗಟ್ಟೆಗೆ ಹೊರಡುವ) ದಿನವೇ ಕೊಡ್ತಾರಾ?

ಗುಬ್ಬಿ, ಪಿಡಿಒ: ಎಲ್ಲರಿಗೂ ಉಪಯೋಗ, ನೋಡಿ: “ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ ಚಾಲೆಂಜ್ ವೋಟ್ ಹಾಕಿ. ಟೆಂಡರ್ ವೋಟು 14% ದಾಟಿದರೆ ಮರುಮತದಾನ.”

ಟ್ರೇನರ್: ದಯವಿಟ್ಟು ಇದನ್ನು ಹಂಚಬೇಡಿ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವೋಟಿಲ್ಲ, ಆಧಾರ್ ಇದ್ದರೂ ಇಲ್ಲ. ಬಂದಿರುವವರು ಆ ಮತದಾರರೇ ಅಲ್ಲ ಎಂದು ಏಜೆಂಟ್ 2 ರೂಪಾಯಿ ಕಟ್ಟಿ ಎತ್ತುವ ಆಕ್ಷೇಪಕ್ಕೆ ಚಾಲೆಂಜ್ ಎನ್ನುತ್ತಾರೆ. ಒಬ್ಬರ ಹೆಸರಲ್ಲಿ ಬೇರೆ ಯಾರೋ ಆಗಲೇ ಹಾಕಿದ್ದರೆ, ಗುರುತು ಖಚಿತವಾದ ಮೇಲೆ 17ಬಿಯಲ್ಲಿ (ಇಂಥ ವೋಟುಗಳ ಪಟ್ಟಿ) ಸಹಿ ಪಡೆದು ಕಾಗದದ ಮತಪತ್ರ ಕೊಡುತ್ತೇವೆ. ಅದು ಟೆಂಡರ್ ವೋಟು. 14% ಎನ್ನುವ ನಿಯಮವೇ ಇಲ್ಲ.

ತಿಪಟೂರು, ಉಪನ್ಯಾಸಕ: ಸರ್, ಸಂಜೆ ಸಾಲಿನ ಕೊನೆಯವರು 17ಎಗೆ (ಮತದಾರರ ರಿಜಿಸ್ಟರ್) ಸಹಿ ಹಾಕಿ, ನಾವು ಬ್ಯಾಲೆಟ್ ಬಟನ್ (ಒಂದು ವೋಟಿಗೆ ಅನುವು ಮಾಡುವ ಬಟನ್) ಒತ್ತಿದ ಮೇಲೆ ವೋಟು ಹಾಕದೆ ಹೊರಟುಬಿಟ್ಟರೆ? ಬ್ಯುಸಿ ದೀಪ ಆರುವುದಿಲ್ಲ, ಕ್ಲೋಸ್ ಆಗುವುದಿಲ್ಲ. ಸಿಬ್ಬಂದಿಯೇ ಒಂದು ನೋಟಾ ಒತ್ತಿ ಮುಗಿಸಿ ಅಂತ ಇನ್ನೊಂದು ಗುಂಪಿನಲ್ಲಿ ಬಂದಿದೆ.

ಟ್ರೇನರ್: ಯಾರೂ ಹಾಗೆ ಮಾಡಬೇಡಿ. ನೋಟಾ ಒತ್ತಿದರೆ ಲೆಕ್ಕ ಸರಿಹೋಗುತ್ತದೆ, ಅದಕ್ಕೇ ಈ ಸಲಹೆ ಹಬ್ಬುತ್ತಿದೆ. ಆದರೆ ಆ ಮನುಷ್ಯ ಹಾಕದ ವೋಟನ್ನು ನೀವು ಹಾಕಿದ ಹಾಗಾಯಿತು. ಅದು ಅಪರಾಧ.

ಸರಿಯಾದ ದಾರಿ ಇದು. ಕಂಟ್ರೋಲ್ ಯೂನಿಟ್ ಆಫ್ ಮಾಡಿ, ಅದಕ್ಕೆ ಬಂದಿರುವ ವಿವಿಪ್ಯಾಟ್ ಕೇಬಲ್ ಬಿಚ್ಚಿ. ಆಮೇಲೆ ಮತ್ತೆ ಆನ್ ಮಾಡಿದರೆ ಬ್ಯುಸಿ ದೀಪ ಆರಿರುತ್ತದೆ, ಕ್ಲೋಸ್ ಕೆಲಸ ಮಾಡುತ್ತದೆ. ಏಜೆಂಟರು ನೋಡುತ್ತಿರುವಾಗಲೇ ಮಾಡಿ. 17ಎಯ ಷರಾ ಕಾಲಂನಲ್ಲಿ ‘ಮತ ಹಾಕದೆ ಹೋದರು’ ಎಂದು ಬರೆದು ಪಿಆರ್‌ಒ ಸಹಿ ಹಾಕಬೇಕು. ಕ್ರಮಸಂಖ್ಯೆ ತಿದ್ದಬೇಡಿ. 17ಸಿಯಲ್ಲಿ (ವೋಟಿನ ಲೆಕ್ಕಪತ್ರ) ಸಹಿ ಮಾಡಿದವರ ಸಂಖ್ಯೆಯಿಂದ ಇವರನ್ನು ಕಳೆದಾಗ ಯಂತ್ರದ ಟೋಟಲ್ ಬರಬೇಕು.

ಮಧ್ಯಾಹ್ನ ಹೀಗಾದರೆ ಆಫ್ ಮಾಡುವುದು, ಕೇಬಲ್ ಬಿಚ್ಚುವುದು ಬೇಡ, 17ಎ ಷರಾ ಮಾತ್ರ ಬರೆಯಿರಿ. ಬಿಟ್ಟಿರುವ ಬ್ಯಾಲೆಟ್‌ಗೆ ಮುಂದಿನ ಮತದಾರರನ್ನೇ ಕಳಿಸಿ, ಮತ್ತೆ ಬಟನ್ ಒತ್ತಬೇಡಿ. ಎರಡು ಗಂಟೆಗೊಮ್ಮೆ ಸೆಕ್ಟರ್ ಆಫೀಸರ್‌ಗೆ ಅಂಕಿ ಕೊಡುವಾಗಲೇ ಟೋಟಲ್ ಒತ್ತಿ 17ಎ ಜೊತೆ ತಾಳೆ ನೋಡುತ್ತಿದ್ದರೆ ವ್ಯತ್ಯಾಸ ಎಲ್ಲಿ ಬಂತೆಂದು ಆಗಲೇ ಸಿಗುತ್ತದೆ. ಸಂಜೆ ಹುಡುಕಿದರೆ ಸಿಗುವುದಿಲ್ಲ.

ಮಧುಗಿರಿ, ಶಿಕ್ಷಕ: ಏಜೆಂಟರು ಬರದಿದ್ದರೆ ಅಣಕು ಮತದಾನ ಮಾಡುವ ಹಾಗಿಲ್ಲ ಅಲ್ವಾ ಸರ್?

ತುರುವೇಕೆರೆ, ಗ್ರಾಮ ಆಡಳಿತಾಧಿಕಾರಿ: ಯಾರು ಹೇಳಿದ್ದು ಮೇಷ್ಟ್ರೇ? 15 ನಿಮಿಷ ಕಾಯೋದು, ಆಮೇಲೆ ಮಾಡೋದು.

ಮಧುಗಿರಿ, ಶಿಕ್ಷಕ: ನಾನು ಕೇಳಿದ್ದು ಟ್ರೇನರ್ ಅವರನ್ನ. ನಾಳೆ ದೂರು ಬಂದರೆ ನೀವು ಉತ್ತರ ಕೊಡ್ತೀರಾ?

ತುರುವೇಕೆರೆ, ಗ್ರಾಮ ಆಡಳಿತಾಧಿಕಾರಿ: ತರಬೇತಿಯಲ್ಲಿ ಕೊಟ್ಟ ಕೈಪಿಡಿ ಬಿಚ್ಚಿ ನೋಡಿ. ಶಾಲೆಯವರು ಓದದೆ ಬರ್ತೀರಿ, ರಾತ್ರಿಯೆಲ್ಲ ಫೋನು ನಮಗೆ.

ಮಧುಗಿರಿ, ಶಿಕ್ಷಕ: ಸಹಿ ನಮ್ಮದು ಸ್ವಾಮಿ, ನಿಮ್ಮದಲ್ಲ. ಮಾತು ನೋಡಿಕೊಂಡು ಆಡಿ.

ಟ್ರೇನರ್: ಇಬ್ಬರೂ ಸಾಕು ಮಾಡಿ. 7ಕ್ಕೆ ಮತದಾನವಾದರೆ ಅಣಕು 5:30ಕ್ಕೆ. ಕನಿಷ್ಠ ಇಬ್ಬರು ಅಭ್ಯರ್ಥಿಗಳ ಏಜೆಂಟರಿಲ್ಲದಿದ್ದರೆ 15 ನಿಮಿಷ ಕಾಯಿರಿ, ಆಮೇಲೆ ಶುರು ಮಾಡಿ. ಯಾರಿದ್ದರು, ಯಾರಿರಲಿಲ್ಲ ಎಂದು ಅಣಕು ಮತದಾನದ ಪ್ರಮಾಣಪತ್ರದಲ್ಲಿ ಬರೆಯಿರಿ.

ಕೊರಟಗೆರೆ, ಎಫ್‌ಡಿಎ: ನಾನು ಶಿರಾ ಮತದಾರ, ಡ್ಯೂಟಿ ಕೊರಟಗೆರೆ. ಇಡಿಸಿ ಬರುತ್ತಾ?

ಟ್ರೇನರ್: ಮೇಲೆ ಬರೆದಿದೆ.

ಚಿಕ್ಕನಾಯಕನಹಳ್ಳಿ, ಶಿಕ್ಷಕಿ: ನಡುವೆ ಯಂತ್ರ ಕೆಟ್ಟರೆ ಮತ್ತೆ 50 ವೋಟು ಹಾಕಿಸಬೇಕಾ?

ಟ್ರೇನರ್: ಬೇಡ. ವಿವಿಪ್ಯಾಟ್ ಮಾತ್ರ ಕೆಟ್ಟರೆ ಅದನ್ನಷ್ಟೇ ಬದಲಿಸಿ, ಅಣಕು ಇಲ್ಲ. ಕಂಟ್ರೋಲ್ ಅಥವಾ ಬ್ಯಾಲೆಟ್ ಯೂನಿಟ್ (ಮತದಾರರು ಒತ್ತುವ ಯಂತ್ರ) ಕೆಟ್ಟರೆ ಮೂರನ್ನೂ ಬದಲಿಸಿ, ನೋಟಾ ಸೇರಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಅಣಕು ವೋಟು ಹಾಕಿಸಿ. ಹೊಸ ವಿವಿಪ್ಯಾಟ್‌ನ ಹಿಂದಿನ ನಾಬ್ ನೆಟ್ಟಗೆ ತಿರುಗಿಸಿದ ಮೇಲೆಯೇ ಆನ್ ಮಾಡಿ. ಅಡ್ಡ ಇರುವುದು ಸಾಗಣೆಗೆ. ಬಲ್ಬಿನ ಕೆಳಗೆ, ಕಿಟಕಿ ಬಿಸಿಲಿಗೆ ಇಡಬೇಡಿ.

ಪಾವಗಡ, ಶಿಕ್ಷಕ: ಗೌರವಧನದ ಬಗ್ಗೆ ಯಾರೂ ಹೇಳಲ್ವಾ?

ಗುಬ್ಬಿ, ಪಿಡಿಒ: ಇದು ನಿಜಾನಾ ಸರ್? “50 ವರ್ಷ ದಾಟಿದವರು ಅರ್ಜಿ ಕೊಟ್ಟರೆ ಡ್ಯೂಟಿ ರದ್ದು...”

ಟ್ರೇನರ್: ಪಿಡಿಒ ಅವರೇ, ಇದು ಎರಡನೇ ಸಲ. ಇದನ್ನು ನಂಬಿ ಯಾರಾದರೂ ಮಸ್ಟರಿಂಗ್‌ಗೆ ಬರದಿದ್ದರೆ ನೋಟಿಸ್ ಹೋಗುವುದು ಅವರಿಗೆ, ಕಳಿಸಿದ ನಿಮಗಲ್ಲ. ಅಳಿಸಿ.

ಶಿರಾ, ಶಿಕ್ಷಕಿ: ಕೊನೆಯ ಮತದಾರರ ವಿಷಯ ಸರ್. ಆಫ್ ಮಾಡಿ ಆನ್ ಮಾಡಿದರೆ ಮತ್ತೆ 7 ಚೀಟಿ ಬೀಳುತ್ತವಲ್ಲ?

ಟ್ರೇನರ್: ಬಿದ್ದರೂ ಚಿಂತೆ ಬೇಡ ಮೇಡಂ. ತೆಗೆಯಲು ಹೋಗಬೇಡಿ, ಡಬ್ಬಿಯಲ್ಲೇ ಇರಲಿ, ಎಣಿಕೆಯಲ್ಲಿ ಅವು ಲೆಕ್ಕಕ್ಕಿಲ್ಲ. ಆಫ್ ಮಾಡಿದ ಸಮಯ, ಕಾರಣ ಡೈರಿಯಲ್ಲಿ ಬರೆಯಿರಿ. ಕ್ಲೋಸ್ ಆದಮೇಲೆ ವಿವಿಪ್ಯಾಟ್ ಬ್ಯಾಟರಿ ತೆಗೆದು ಪೆಟ್ಟಿಗೆ ಸೀಲ್ ಮಾಡಿ. ಕಂಟ್ರೋಲ್ ಯೂನಿಟ್ ಬ್ಯಾಟರಿ ಮುಟ್ಟಬೇಡಿ.