ಯುವನಿಧಿ ಬರುತ್ತಿರುವಾಗ 12,000ದ ಕೆಲಸಕ್ಕೆ ಸೇರಬೇಕಾ?

ಕಾಪುವಿನಿಂದ ಕೇಳ್ತಾ ಇದ್ದೇನೆ. ತಮ್ಮನದ್ದು ಬಿಕಾಂ ಆಗಿದೆ. ಡಿಗ್ರಿ, ಡಿಪ್ಲೊಮಾ ಆಗಿ ಕೆಲಸ ಸಿಗದವರಿಗೆ ಸರಕಾರ ಕೊಡುವ ಯುವನಿಧಿ ಎಂಟು ತಿಂಗಳಿಂದ ತಿಂಗಳಿಗೆ 3,000 ಬರ್ತಾ ಉಂಟು. ಈಗ ಮಂಗಳೂರಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿದೆ, 12,000 ಅಂತೆ. ಸೇರಿದರೆ 3,000 ನಿಲ್ಲುತ್ತದೆ, ಬಸ್ಸಿಗೆ ಬೇರೆ ಖರ್ಚು, ಲಾಭ ಎಂತ ಅಂತ ಅವನ ವಾದ. ಸರಕಾರ ಹುಡುಗರನ್ನು ಸೋಮಾರಿ ಮಾಡಿತು ಅಂತ ಅಪ್ಪ ದಿನಾ ಊಟಕ್ಕೆ ಕೂತಾಗ ಶುರು ಮಾಡ್ತಾರೆ. ಅನುಭವ ಇದ್ದವರು ಹೇಳಿ.

ಪಡುಬಿದ್ರಿಯಿಂದ:
ನಿಮ್ಮ ತಮ್ಮ ಸೋಮಾರಿ ಅಲ್ಲ ಮಾರಾಯ್ರೆ, ಲೆಕ್ಕ ಹಾಕಿದ್ದಾನೆ. ಬಿಕಾಂ ಅಲ್ವಾ! ನನ್ನ ಮೊದಲ ಸಂಬಳವೂ 12,000, ಪೂರ್ತಿ ಬೇಸಿಕ್. ಭವಿಷ್ಯನಿಧಿ ಅಂದರೆ ಪಿಎಫ್‌ಗೆ 12 ಪರ್ಸೆಂಟ್, 1,440, ಆಸ್ಪತ್ರೆ ಖರ್ಚಿನ ವಿಮೆ ಇಎಸ್‌ಐಗೆ 90 ಹಿಡಿದು ಕೈಗೆ 10,470. ಬಸ್ಸಿಗೆ 3,000, ಮಧ್ಯಾಹ್ನದ ಊಟ, ಚಾ ಅಂತ 1,500 ಹೋಗಿ ಉಳಿದದ್ದು 5,970. ಮನೆಯಲ್ಲಿ ಕೂತರೆ 3,000 ಇತ್ತು. ಅಂದರೆ ಬೆಳಿಗ್ಗೆ ಏಳಕ್ಕೆ ಹೊರಟು ರಾತ್ರಿ ಎಂಟಕ್ಕೆ ಮನೆ ಮುಟ್ಟಿ, 26 ದಿನ ದುಡಿದದ್ದಕ್ಕೆ ದಿನಕ್ಕೆ 114 ರೂಪಾಯಿ ಜಾಸ್ತಿ ಸಿಕ್ಕಿತು, ಅಷ್ಟೇ. ಇದರಲ್ಲಿ ಯುವನಿಧಿ ಜಾಸ್ತಿಯೋ, ಸಂಬಳ ಕಮ್ಮಿಯೋ, ನಿಮ್ಮ ಅಪ್ಪನನ್ನೇ ಕೇಳಿ.

ಆದರೂ ಸೇರಲಿ. ಯುವನಿಧಿ ಹೇಗೂ ಎರಡು ವರ್ಷಕ್ಕೆ ನಿಲ್ಲುತ್ತದೆ, ಅವನಿಗೆ ಉಳಿದದ್ದು 16 ತಿಂಗಳು, 48,000. ನಾನು ಗಲ್ಫಲ್ಲಿರುವ ಮಾವ ವೀಸಾ ಕಳಿಸ್ತಾರೆ ಅಂತ ನಾಲ್ಕು ತಿಂಗಳು ಸುಮ್ನೆ ಕೂತೆ, ವೀಸಾ ಇವತ್ತಿಗೂ ಬಂದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಮೂರು ತಿಂಗಳು ಬರೀ ವೋಚರ್ ಬರೆಸಿದರು, ಆಮೇಲೆ ಜಿಎಸ್‌ಟಿ ರಿಟರ್ನ್ ಕೊಟ್ಟರು. ರಿಟರ್ನ್ ಹಾಕುವ ಕೊನೆ ದಿನ 11ನೇ ತಾರೀಕು, 20ನೇ ತಾರೀಕು ಬಂತೆಂದರೆ ಊಟಕ್ಕೆ ಏಳಲಿಕ್ಕೂ ಪುರುಸೊತ್ತಿಲ್ಲ. ಅದು ಕಲಿತದ್ದಕ್ಕೇ ಮುಂದಿನ ಕೆಲಸ 18,000ಕ್ಕೆ ಸಿಕ್ಕಿದ್ದು.

ಉಡುಪಿಯಿಂದ:
ಪಿಎಫ್ ಬೇಡ, ರೆಕಾರ್ಡಿಗೆ ಬಾರದ ಹಾಗೆ ಸಂಬಳ ಕೈಗೆ ಕೊಡ್ತೇವೆ, ಯುವನಿಧಿಯೂ ಬರ್ತಾ ಇರಲಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ನಾನು ಹೂಂ ಅಂದೆ. ಸರಕಾರ 3,000 ಕೊಡ್ತದಲ್ಲ ಅಂತ 12,000ದ ಕೆಲಸಕ್ಕೆ 9,000 ಇಟ್ಟರು! ಆ ದುಡ್ಡು ನನಗಲ್ಲ, ಧಣಿಗೆ ಹೋಯಿತು. ಸರಕಾರದ ವೆಬ್‌ಸೈಟ್ ಸೇವಾಸಿಂಧುವಿನಲ್ಲಿ ನನಗೆ ಕೆಲಸ ಇಲ್ಲ ಅಂತ ಘೋಷಣೆ ಒತ್ತುವಾಗ ಪ್ರತಿ ಸಲ ಎದೆ ಢವಢವ. ಕೊನೆಗೆ ಎಕ್ಸ್‌ಪೀರಿಯನ್ಸ್ ಲೆಟರ್ ಕೇಳಿದರೆ, ನಿಮ್ಮ ಹೆಸರು ರೆಕಾರ್ಡಲ್ಲೇ ಇಲ್ಲ ಅಂದರು.

ಬ್ರಹ್ಮಾವರದಿಂದ:
ಕೂತು ತಿಂದವರು ಮಾತ್ರ ಅಂತ ಅಲ್ಲ. ನನ್ನದು ಡಿಪ್ಲೊಮಾ, 1,500 ಬರ್ತಿತ್ತು. ಇಂಟರ್ವ್ಯೂಗೆ ಹೋಗುವ ಬಸ್ ಚಾರ್ಜಿಗೆ ಮನೆಯಲ್ಲಿ ಕೈ ಚಾಚುವುದು ತಪ್ಪಿತು. ಸರಕಾರಿ ಬಸ್ಸಲ್ಲಿ ಹೆಂಗಸರಿಗೆ ಫ್ರೀ ಇರುವ ಶಕ್ತಿ ಉಂಟಲ್ಲ ಅಂತ ಹೇಳಬೇಡಿ, ನಮ್ಮ ಕಡೆ ಕೈ ತೋರಿಸಿದರೆ ನಿಲ್ಲುವುದು ಹೆಚ್ಚಾಗಿ ಪ್ರೈವೇಟ್ ಬಸ್ಸೇ. ಹಾಗಂತ ನಿಮ್ಮ ತಮ್ಮ ಕೈಗೆ ಬಂದ ಕೆಲಸ ಬಿಡುವುದು ಬೇಡ.

ಕಾಪುವಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಬಸ್ಸಿಗೇ ಅಷ್ಟು ಬೇಕಾಗ್ತದಾ ಅಂತ ಕೇಳಿ ಸುಮ್ಮನಾದರು. ತಮ್ಮ ಸೋಮವಾರ ಹೋಗ್ತಾನೆ. ಮೊದಲು ಪಿಎಫ್ ಉಂಟಾ ಅಂತ ಕೇಳ್ತಾನಂತೆ.